‘ಸರ್ವರ್ ಡೌನ್’ ಅಂದರೆ ಫೇಲ್ ಅಂತಲ್ಲ: ರಿಸಲ್ಟ್ ದಿನ ವೆಬ್‌ಸೈಟ್ ತೆವಳುವುದೇಕೆ?

ಎಸ್ಸೆಸ್ಸೆಲ್ಸಿ, ಪಿಯುಸಿ ಫಲಿತಾಂಶದ ದಿನ ಬಂತೆಂದರೆ ವಾಟ್ಸ್‌ಆ್ಯಪ್ ಗುಂಪುಗಳಲ್ಲಿ ಇಂಥ ಮಾತುಗಳು ಓಡಾಡುತ್ತವೆ:

• ರಿಜಿಸ್ಟರ್ ನಂಬರ್ ಹಾಕಿದಾಗ ‘ಮಾಹಿತಿ ಸಿಗಲಿಲ್ಲ’ ಅಂತ ಬಂದರೆ ಫೇಲ್ ಎಂದರ್ಥ.
• ಬಿಡದೆ ರಿಫ್ರೆಶ್ ಒತ್ತುತ್ತಾ ಇರಿ, ಬೇಗ ತೆರೆದುಕೊಳ್ಳುತ್ತದೆ.
• ದೊಡ್ಡ ಸರ್ವರ್ ಹಾಕಿದರೆ ಮುಗೀತು, ದುಡ್ಡು ಉಳಿಸೋಕೆ ಹೀಗೆ ಮಾಡ್ತಾರೆ.

ಮೊದಲನೆಯದು ತಪ್ಪು. ಎರಡನೆಯದು ತಿರುಗುಬಾಣ. ಮೂರನೆಯದು ಅರ್ಧ ಸತ್ಯ. ಮೂರಕ್ಕೂ ಉತ್ತರ ಒಂದೇ ಕಡೆ ಇದೆ: ವೆಬ್‌ಸೈಟಿನ ಹಿಂದೆ ಕೂತಿರುವ ಡೇಟಾಬೇಸ್ ಹೇಗೆ ಕೆಲಸ ಮಾಡುತ್ತದೆ ಎಂಬುದರಲ್ಲಿ.

ಅಂಕಗಳು ಎಲ್ಲಿರುತ್ತವೆ?

ನಿಮ್ಮ ಮೊಬೈಲಿಗೂ ಅಂಕಗಳಿಗೂ ನಡುವೆ ಒಬ್ಬ ಮಧ್ಯವರ್ತಿ ಇದ್ದಾನೆ. ನೀವು ನಂಬರ್ ಒತ್ತಿದ ಕೂಡಲೇ ಅದು ಬ್ಯಾಕೆಂಡ್ ಎಂದು ಕರೆಯುವ ತಂತ್ರಾಂಶಕ್ಕೆ ತಲುಪುತ್ತದೆ. ಅದು ಡೇಟಾಬೇಸನ್ನು ಕೇಳಿ, ಉತ್ತರ ತಂದು ನಿಮಗೆ ತೋರಿಸುತ್ತದೆ. ಹೀಗೆ ಕೇಳುವ ಒಂದೊಂದು ಪ್ರಶ್ನೆಯನ್ನೂ ಕ್ವೆರಿ ಎನ್ನುತ್ತಾರೆ.

ಇಂಥ ಕಡೆ ಸಾಮಾನ್ಯವಾಗಿ ಬಳಸುವುದು ರಿಲೇಷನಲ್ ಡೇಟಾಬೇಸ್. ವಿದ್ಯಾರ್ಥಿಗಳದ್ದೊಂದು ಕೋಷ್ಟಕ, ಶಾಲೆಗಳದ್ದೊಂದು, ಅಂಕಗಳದ್ದೊಂದು. ಅವುಗಳ ನಡುವೆ ರಿಜಿಸ್ಟರ್ ನಂಬರಿನಂಥ ಕೊಂಡಿ. ಈ ವಿಚಾರವನ್ನು 1970ರಲ್ಲಿ ಐಬಿಎಂನ ಎಡ್ಗರ್ ಕಾಡ್ ಮಂಡಿಸಿದರು. ಬ್ಯಾಂಕ್ ಖಾತೆಯಿಂದ ಟಿಕೆಟ್ ಬುಕಿಂಗ್‌ವರೆಗೆ ಇವತ್ತಿಗೂ ಬಹುಪಾಲು ಲೆಕ್ಕ ಕೂತಿರುವುದು ಇದೇ ಬಗೆಯ ಕೋಷ್ಟಕಗಳಲ್ಲಿ.

ಎಂಟು ಲಕ್ಷ ಹೆಸರಲ್ಲಿ ಒಂದನ್ನು ಹುಡುಕುವುದು

ರಾಜ್ಯದಲ್ಲಿ ವರ್ಷಕ್ಕೆ ಸುಮಾರು 8 ಲಕ್ಷ ಮಕ್ಕಳು ಎಸ್ಸೆಸ್ಸೆಲ್ಸಿ ಬರೆಯುತ್ತಾರೆ. ಕೋಷ್ಟಕವನ್ನು ಮೊದಲ ಸಾಲಿನಿಂದ ಓದುತ್ತಾ ಹೋದರೆ ಒಬ್ಬರ ಹೆಸರು ಸಿಗಲು ಸರಾಸರಿ 4 ಲಕ್ಷ ಸಾಲು ಓದಬೇಕು. ಅದರ ಬದಲು ಪುಸ್ತಕದ ಕೊನೆಯಲ್ಲಿರುವ ಪದಸೂಚಿಯಂಥ ಇಂಡೆಕ್ಸ್ ಮಾಡಿಟ್ಟರೆ? ಡೇಟಾಬೇಸಿನ ಇಂಡೆಕ್ಸ್ ಕವಲೊಡೆಯುವ ಮರದ ಹಾಗಿರುತ್ತದೆ. ಪ್ರತಿ ಹಂತದಲ್ಲಿ 100 ಕವಲು ಎಂದುಕೊಂಡರೂ 100 × 100 × 100, ಅಂದರೆ ಮೂರೇ ಹೆಜ್ಜೆಯಲ್ಲಿ 10 ಲಕ್ಷ ಸಾಲುಗಳ ಪೈಕಿ ಬೇಕಾದ್ದನ್ನು ಮುಟ್ಟಬಹುದು.

ಇಂಡೆಕ್ಸ್ ಇದ್ದೂ ಉಪಯೋಗಕ್ಕೆ ಬಾರದೆ ಹೋಗುವುದುಂಟು. ಉದಾಹರಣೆಗೆ ಮೈಎಸ್‌ಕ್ಯೂಎಲ್‌ನಲ್ಲಿ ರಿಜಿಸ್ಟರ್ ನಂಬರನ್ನು ಅಕ್ಷರಗಳಾಗಿ ಉಳಿಸಿಟ್ಟು, ಹುಡುಕುವಾಗ ಸಂಖ್ಯೆಯಾಗಿ ಕೇಳಿದರೆ ಅದು ಇಂಡೆಕ್ಸ್ ಬಿಟ್ಟು ಇಡೀ ಕೋಷ್ಟಕ ಓದಲು ಹೊರಡುತ್ತದೆ. ಸಾವಿರ ಸಾಲಿನ ಪರೀಕ್ಷಾರ್ಥ ಕೋಷ್ಟಕದಲ್ಲಿ ಇದು ಗೊತ್ತೇ ಆಗುವುದಿಲ್ಲ. ಫಲಿತಾಂಶದ ದಿನ ಗೊತ್ತಾಗುತ್ತದೆ.

ಕಂಡ ಕಂಡ ಕಡೆ ಇಂಡೆಕ್ಸ್ ಹಾಕುವುದೂ ಜಾಣತನವಲ್ಲ. ಹೊಸ ಸಾಲು ಸೇರಿದಾಗೆಲ್ಲ ಅಷ್ಟೂ ಸೂಚಿಗಳನ್ನು ತಿದ್ದಬೇಕಾಗುತ್ತದೆ, ಬರೆಯುವ ಕೆಲಸ ನಿಧಾನವಾಗುತ್ತದೆ. ಅದಕ್ಕೇ ಅನುಭವಿಗಳು ಊಹೆ ಮಾಡುವುದಿಲ್ಲ. ‘ಎಕ್ಸ್‌ಪ್ಲೇನ್’ ಎಂಬ ಆದೇಶ ಕೊಟ್ಟು, ಈ ಕ್ವೆರಿಗೆ ಉತ್ತರವನ್ನು ಹೇಗೆ ಹುಡುಕುತ್ತೀಯ ಎಂದು ಡೇಟಾಬೇಸನ್ನೇ ಕೇಳುತ್ತಾರೆ.

ಉಪ್ಪಿಗೊಂದು ಸಲ, ಸಕ್ಕರೆಗೊಂದು ಸಲ

ಕಿರಾಣಿ ಅಂಗಡಿಗೆ ಚೀಟಿ ಬರೆದುಕೊಂಡು ಹೋದರೆ ಒಂದೇ ಸಲಕ್ಕೆ ಕೆಲಸ ಮುಗಿಯುತ್ತದೆ. ಉಪ್ಪು ತಂದು ಮನೆಯಲ್ಲಿಟ್ಟು, ಮತ್ತೆ ಸಕ್ಕರೆಗೆ ಹೋಗಿ, ಮತ್ತೆ ಬೇಳೆಗೆ ಹೋದರೆ? ಅನೇಕ ತಂತ್ರಾಂಶಗಳು ಮಾಡುವುದು ಇದನ್ನೇ. ಶಿಕ್ಷಕರೊಬ್ಬರು 60 ಮಕ್ಕಳ ತರಗತಿಯ ಫಲಿತಾಂಶ ತೆರೆಯುತ್ತಾರೆ ಎನ್ನಿ. ಮಕ್ಕಳ ಪಟ್ಟಿಗೆ ಒಂದು ಕ್ವೆರಿ, ಆಮೇಲೆ ಒಬ್ಬೊಬ್ಬರ ಅಂಕಕ್ಕೂ ಒಂದೊಂದು: ಒಟ್ಟು 61. ಎರಡು ಕೋಷ್ಟಕಗಳನ್ನು ಜೋಡಿಸಿ ಕೇಳಿದರೆ ಒಂದೇ ಸಾಕು.

ಇದನ್ನು ತಂತ್ರಜ್ಞರು ‘ಎನ್ ಪ್ಲಸ್ ಒನ್’ ಸಮಸ್ಯೆ ಎನ್ನುತ್ತಾರೆ. ಪ್ರೋಗ್ರಾಮರ್ ಬರೆದ ಒಂದು ಸಾಲಿನ ಕೋಡ್ ಒಳಗೊಳಗೇ 61 ಪ್ರಶ್ನೆಯಾಗುವುದರಿಂದ ಇದು ಕಣ್ಣಿಗೆ ಬೀಳುವುದು ಕಡಿಮೆ.

ಬಾಗಿಲುಗಳು ಎಷ್ಟು?

ಡೇಟಾಬೇಸಿನ ಜತೆ ಮಾತಾಡಲು ಒಂದು ಕನೆಕ್ಷನ್ ಬೇಕು. ಇವು ಲೆಕ್ಕವಿಲ್ಲದಷ್ಟು ಇರುವುದಿಲ್ಲ. ನಾವಾಗಿ ಬದಲಿಸದಿದ್ದರೆ ಪೋಸ್ಟ್‌ಗ್ರೆಸ್‌ನಲ್ಲಿ 100, ಮೈಎಸ್‌ಕ್ಯೂಎಲ್‌ನಲ್ಲಿ 151 ಮಿತಿ. ಪ್ರತಿ ಸಲ ಹೊಸದು ತೆರೆಯುವುದಕ್ಕೂ ಸಮಯ ಹಿಡಿಯುತ್ತದೆ. ಆದ್ದರಿಂದ ಒಂದಿಷ್ಟು ಕನೆಕ್ಷನ್‌ಗಳನ್ನು ತೆರೆದಿಟ್ಟುಕೊಂಡು, ಸರದಿಯ ಮೇಲೆ ಹಂಚುತ್ತಾರೆ. ಇದೇ ಕನೆಕ್ಷನ್ ಪೂಲ್.

ಈಗ ಒಂದು ಸಣ್ಣ ಲೆಕ್ಕ ಮಾಡೋಣ. ಪೂಲ್‌ನಲ್ಲಿ 20 ಕನೆಕ್ಷನ್ ಇವೆ. ಒಂದು ಕ್ವೆರಿ 10 ಮಿಲಿಸೆಕೆಂಡಿನಲ್ಲಿ ಮುಗಿದರೆ, ಒಂದು ಕನೆಕ್ಷನ್ ಸೆಕೆಂಡಿಗೆ 100 ಜನರಿಗೆ ಉತ್ತರ ಕೊಡುತ್ತದೆ, ಒಟ್ಟು 2,000. ಅದೇ ಕ್ವೆರಿ ಇಂಡೆಕ್ಸ್ ಬಳಸದೆ 500 ಮಿಲಿಸೆಕೆಂಡ್ ತೆಗೆದುಕೊಂಡರೆ ಸೆಕೆಂಡಿಗೆ ಬರೀ 40. ಅದೇ ಯಂತ್ರ, ಅದೇ ಅಂಕಗಳು. ಬದಲಾಗಿದ್ದು ಕೇಳಿದ ರೀತಿ ಮಾತ್ರ.

ಹಾಗಾದರೆ 20ರ ಬದಲು 2,000 ಕನೆಕ್ಷನ್ ಇಡಬಾರದೇ? ಇಟ್ಟರೆ ಎಲ್ಲರೂ ಒಟ್ಟಿಗೇ ಒಳಗೆ ನುಗ್ಗಿ, ಅದೇ ಪ್ರೊಸೆಸರ್‌ಗೆ, ಅದೇ ಮೆಮೊರಿಗೆ ಕಿತ್ತಾಡುತ್ತಾರೆ. ಸಾಲು ಬಾಗಿಲಿನ ಹೊರಗಿದ್ದದ್ದು ಒಳಗೆ ಬಂದಿತು, ಅಷ್ಟೆ.

ರಿಫ್ರೆಶ್ ಒತ್ತಿದರೆ ಏನಾಗುತ್ತದೆ?

ನೀವು ರಿಫ್ರೆಶ್ ಒತ್ತಿದರೆ ಹಳೆಯ ಕೋರಿಕೆ ರದ್ದಾಗುತ್ತದೆ ಎಂದು ನಮಗೆಲ್ಲ ಅನಿಸುತ್ತದೆ. ಎಷ್ಟೋ ಸಲ ಹಾಗಾಗುವುದಿಲ್ಲ. ನೀವು ಎದ್ದು ಹೋದದ್ದು ಡೇಟಾಬೇಸಿಗೆ ತಿಳಿಯದು. ಅದು ಹಳೆಯ ಪ್ರಶ್ನೆಗೆ ಉತ್ತರ ಹುಡುಕುತ್ತಲೇ ಇರುತ್ತದೆ. ಐದು ಸಲ ಒತ್ತಿದರೆ ನೀವೊಬ್ಬರೇ ಐದು ಜನರಾಗಿ ಸಾಲಿನಲ್ಲಿ ನಿಲ್ಲುತ್ತೀರಿ, ಅದೂ ನಿಮ್ಮದೇ ಮುಂದೆ. ಲಕ್ಷಾಂತರ ಮನೆಗಳಲ್ಲಿ ಒಟ್ಟಿಗೆ ಹೀಗಾದರೆ ಚೇತರಿಸಿಕೊಳ್ಳಬಹುದಾಗಿದ್ದ ವೆಬ್‌ಸೈಟ್ ಕೂಡ ನೆಲ ಕಚ್ಚುತ್ತದೆ.

ದೊಡ್ಡ ಸರ್ವರ್ ಸಾಕಲ್ಲವೇ?

ಸ್ವಲ್ಪ ಮಟ್ಟಿಗೆ ಸಹಾಯವಾಗುತ್ತದೆ. ಆದರೆ ಮೇಲಿನ ಲೆಕ್ಕ ನೋಡಿ: ಎರಡರಷ್ಟು ಶಕ್ತಿಯ ಯಂತ್ರ ತಂದರೆ 40 ಇದ್ದದ್ದು 80ರ ಹತ್ತಿರ ಬಂದೀತು. ಇಂಡೆಕ್ಸ್ ಸರಿಮಾಡಿದರೆ 2,000.

ಫಲಿತಾಂಶಕ್ಕೆ ಇನ್ನೂ ಸುಲಭದ ದಾರಿಯಿದೆ. ಪ್ರಕಟವಾದ ಅಂಕ ಗಂಟೆಗಂಟೆಗೆ ಬದಲಾಗುವುದಿಲ್ಲ. ಒಮ್ಮೆ ತೆಗೆದ ಉತ್ತರವನ್ನು ಹತ್ತಿರದಲ್ಲೇ ಸಿದ್ಧವಾಗಿಟ್ಟು ಕೊಡಬಹುದು. ಇದಕ್ಕೆ ಕ್ಯಾಶ್ ಎನ್ನುತ್ತಾರೆ. ದುಡ್ಡಿಗೂ ಇದಕ್ಕೂ ಸಂಬಂಧವಿಲ್ಲ. ತತ್ಕಾಲ್ ರೈಲು ಟಿಕೆಟ್ ಬುಕಿಂಗ್‌ನಲ್ಲಿ ಮಾತ್ರ ಇದು ಅಷ್ಟು ಸಲೀಸಲ್ಲ. ಅಲ್ಲಿ ಉಳಿದ ಸೀಟುಗಳ ಸಂಖ್ಯೆ ಕ್ಷಣಕ್ಷಣಕ್ಕೂ ಬದಲಾಗುತ್ತದೆ. ಕೊನೆಯ ಸೀಟು ಇಬ್ಬರಿಗೆ ಹೋಗಬಾರದೆಂದರೆ ಒಬ್ಬರ ವ್ಯವಹಾರ ಮುಗಿಯುವ ತನಕ ಇನ್ನೊಬ್ಬರನ್ನು ಕಾಯಿಸಲೇಬೇಕು.

ಹಾಗಾದರೆ ‘ಮಾಹಿತಿ ಸಿಗಲಿಲ್ಲ’ ಅಂದರೇನು?

ಬಹಳ ಮುಖ್ಯವಾದ ವಿಷಯ ಇದು. ಅನುತ್ತೀರ್ಣರಾದವರ ಸಾಲನ್ನು ಯಾರೂ ಕೋಷ್ಟಕದಿಂದ ಅಳಿಸುವುದಿಲ್ಲ. ಅವರ ಅಂಕಗಳೂ ಅಲ್ಲೇ ಇರುತ್ತವೆ, ಪುಟದಲ್ಲಿ ಕಾಣುತ್ತವೆ. ಹಾಗಿದ್ದರೂ ಈ ಸಂದೇಶ ಬರಲು ಹಲವು ಕಾರಣಗಳಿರಬಹುದು. ನಂಬರಿನ ಒಂದು ಅಂಕಿ ತಪ್ಪಿರಬಹುದು. ಭಾರ ಹಂಚಿಕೊಳ್ಳಲು ಡೇಟಾಬೇಸಿನ ನಕಲು ಪ್ರತಿಗಳನ್ನು ಇಟ್ಟಿದ್ದರೆ, ಮೂಲದಲ್ಲಿ ಸೇರಿದ ಸಾಲು ನಿಮ್ಮ ಪಾಲಿನ ಪ್ರತಿಗೆ ಇನ್ನೂ ತಲುಪಿರಲಿಕ್ಕಿಲ್ಲ. ಅಥವಾ ಡೇಟಾಬೇಸ್ ಹೊತ್ತಿಗೆ ಸರಿಯಾಗಿ ಉತ್ತರಿಸದೆ ಇದ್ದದ್ದನ್ನೇ, ಅಜಾಗರೂಕತೆಯಿಂದ ಬರೆದ ತಂತ್ರಾಂಶ ‘ಸಿಗಲಿಲ್ಲ’ ಎಂದು ತೋರಿಸಿರಬಹುದು. ‘ಉತ್ತರ ಬರಲಿಲ್ಲ’ ಎನ್ನುವುದಕ್ಕೂ ‘ಹೆಸರಿಲ್ಲ’ ಎನ್ನುವುದಕ್ಕೂ ಅಜಗಜಾಂತರ. ಪರದೆಯ ಮೇಲೆ ಎರಡೂ ಒಂದೇ ಥರ ಕಂಡಾಗ ಮಗುವಿನ ಎದೆ ಒಡೆಯುತ್ತದೆ.

ನಾವು ಏನು ಮಾಡಬಹುದು?

• ಒಮ್ಮೆ ನಂಬರ್ ಸರಿಯಾಗಿ ನೋಡಿ ಹಾಕಿ. ಪುಟ ತೆರೆಯದಿದ್ದರೆ ಹತ್ತು ಹದಿನೈದು ನಿಮಿಷ ಬಿಟ್ಟು ಮತ್ತೆ ನೋಡಿ.
• ‘ಸರ್ವರ್ ಡೌನ್, ಇಲ್ಲಿ ನೋಡಿ’ ಎಂದು ಬರುವ ಅಪರಿಚಿತ ಲಿಂಕ್‌ಗಳಲ್ಲಿ ರಿಜಿಸ್ಟರ್ ನಂಬರ್, ಫೋನ್ ನಂಬರ್, ಒಟಿಪಿ ಕೊಡಬೇಡಿ.
• ಆಮೇಲೂ ಕಾಣದಿದ್ದರೆ ಶಾಲೆಯಲ್ಲಿ ವಿಚಾರಿಸಿ. ಅಲ್ಲಿಯವರೆಗೆ ಮಗುವನ್ನು ಒಂಟಿಯಾಗಿ ಬಿಡಬೇಡಿ.

ಫಲಿತಾಂಶದ ದಿನ ಏನಾದರೂ ಫಾರ್ವರ್ಡ್ ಮಾಡಲೇಬೇಕು ಎನಿಸಿದರೆ ಇಷ್ಟು ಮಾಡಿ: ಪುಟ ತೆರೆಯಲಿಲ್ಲ ಅಂದರೆ ವೆಬ್‌ಸೈಟ್ ಕೈಕೊಟ್ಟಿದೆ ಎಂದಷ್ಟೇ ಅರ್ಥ, ಮಗು ಫೇಲ್ ಆಗಿದೆ ಎಂದಲ್ಲ.