ದೊಡ್ಡಸ್ವಾಮಿಯವರ ಪಾಪನಿವೇದನೆ

ಸೆಪ್ಟೆಂಬರ್ ತಿಂಗಳಲ್ಲಿ ಶಿವಾಜಿನಗರದ ಸಂತ ಮರಿಯಮ್ಮನವರ ಬೆಸಿಲಿಕಾಕ್ಕೆ ಒಮ್ಮೆಯಾದರೂ ನೀವು ಹೋಗಿರುತ್ತೀರಿ. ಜನಸಾಗರದ ನಡುವೆ ಮೇಣದಬತ್ತಿ ಹಚ್ಚಿ ಕೈಮುಗಿದಿರುತ್ತೀರಿ. ಹಿಂದೆ ಆ ಪ್ರದೇಶಕ್ಕೆ ಬ್ಲ್ಯಾಕ್‌ಪಲ್ಲಿ ಎಂಬ ಹೆಸರಿತ್ತು. ಬಿಳಿ ಅಕ್ಕಿ ಬೆಳೆಯುತ್ತಿದ್ದ ಹಳ್ಳಿಯಾದ್ದರಿಂದ ಆ ಹೆಸರು ಬಂದಿತೆಂದು ಹಿರಿಯರು ಹೇಳುತ್ತಾರೆ. ಜಿಂಜಿಯ ಕಡೆಯಿಂದ ವಲಸೆ ಬಂದ ತಮಿಳು ಕ್ರೈಸ್ತರು ಅಲ್ಲೊಂದು ಪುಟ್ಟ ಪ್ರಾರ್ಥನಾಲಯ ಕಟ್ಟಿಕೊಂಡಿದ್ದರು. 19ನೆಯ ಶತಮಾನದ ಆರಂಭದಲ್ಲಿ ಶ್ರೀರಂಗಪಟ್ಟಣದಿಂದ ಬಂದು ಅವರಿಗಾಗಿ ಬಲಿಪೂಜೆ ಅರ್ಪಿಸಿದವರು ಫ್ರೆಂಚ್ ಗುರು ಅಬ್ಬೆ ದುಬುವಾ. ಮೈಸೂರು ಸೀಮೆಯ ಜನ ಅವರನ್ನು ಪ್ರೀತಿಯಿಂದ ‘ದೊಡ್ಡಸ್ವಾಮಿ’ ಎಂದು ಕರೆದರು.

1792ರಲ್ಲಿ ಭಾರತಕ್ಕೆ ಬಂದ ಅವರು ಈ ನೆಲದ ಉಡುಗೆಯನ್ನೇ ಉಟ್ಟರು, ಇಲ್ಲಿಯ ಊಟವನ್ನೇ ಉಂಡರು. ಟಿಪ್ಪುವಿನ ಪತನದ ನಂತರ ಚದುರಿಹೋಗಿದ್ದ ಕ್ರೈಸ್ತರನ್ನು ಒಟ್ಟುಗೂಡಿಸಿದರು, ಹಾಸನದ ಸತ್ತಿಹಳ್ಳಿಯಲ್ಲಿ ಬೇಸಾಯಗಾರರ ನೆಲೆಯೊಂದನ್ನು ಕಟ್ಟಿದರು, ಸಿಡುಬಿನ ವಿರುದ್ಧ ಸಾವಿರಾರು ಜನರಿಗೆ ಲಸಿಕೆ ಹಾಕಿಸಿದರು. ಹಿಂದೂಗಳ ಆಚಾರ ವಿಚಾರಗಳನ್ನು ಕುರಿತ ಅವರ ಗ್ರಂಥ ಇಂದಿಗೂ ಪ್ರಸಿದ್ಧ. ಆದರೆ 1823ರಲ್ಲಿ, ಅವರು ಭಾರತ ತೊರೆದ ವರ್ಷವೇ, ಲಂಡನ್ನಿನಲ್ಲಿ ಅಚ್ಚಾದ ಇನ್ನೊಂದು ಪುಸ್ತಕವನ್ನು ನಾವು ಅಷ್ಟಾಗಿ ನೆನೆಯುವುದಿಲ್ಲ. ಅದು ಭಾರತದ ಕ್ರೈಸ್ತಧರ್ಮದ ಸ್ಥಿತಿಗತಿ ಕುರಿತ ಅವರ ಪತ್ರಗಳ ಸಂಕಲನ. ಓದಲು ಹಿತವಾದ ಪುಸ್ತಕವೇನಲ್ಲ.

ಇಪ್ಪತ್ತೈದು ವರ್ಷಗಳ ಸೇವೆಯಲ್ಲಿ ತಮ್ಮಿಂದ ಕ್ರೈಸ್ತರಾದವರು ಒಟ್ಟು ಇನ್ನೂರರಿಂದ ಮುನ್ನೂರು ಮಂದಿ ಮಾತ್ರ ಎಂದು ಅವರು ಅದರಲ್ಲಿ ಬರೆದಿದ್ದಾರೆ. ಆ ಕಾಲದ ಧರ್ಮಪ್ರಚಾರಕರು ಸ್ವದೇಶಕ್ಕೆ ಕಳುಹಿಸುತ್ತಿದ್ದ ವರದಿಗಳಲ್ಲಿ ಯಶಸ್ಸಿನ ಮಾತುಗಳೇ ತುಂಬಿರುತ್ತಿದ್ದವು. ಅಂಥದ್ದರಲ್ಲಿ ಗೌರವಾನ್ವಿತ ಗುರುವೊಬ್ಬರು ತಮ್ಮ ಸೋಲಿಗೆ ಅಂಕಿ ಕೊಟ್ಟು ಅಚ್ಚು ಹಾಕಿಸುವುದೆಂದರೆ ಸಾಮಾನ್ಯ ಧೈರ್ಯವೇ? ಮರುವರ್ಷವೇ ಜೇಮ್ಸ್ ಹಫ್ ಎಂಬ ಆಂಗ್ಲಿಕನ್ ಪಾದ್ರಿ ಇದಕ್ಕೆ ಖಂಡನೆಯ ಪುಸ್ತಕವನ್ನೇ ಹೊರತಂದರು.

ಅಂಕಿ ಹೇಳಿ ಒಪ್ಪಿಕೊಳ್ಳುವ ಈ ಕ್ರಮ ಧರ್ಮಸಭೆಗೆ ಹೊಸದಲ್ಲ. ಸಂತ ಇಗ್ನಾಸಿಯವರು ತಮ್ಮ ‘ಆಧ್ಯಾತ್ಮಿಕ ಸಾಧನೆಗಳು’ ಗ್ರಂಥದಲ್ಲಿ ಒಂದು ಸರಳ ಉಪಾಯ ಕಲಿಸಿದ್ದಾರೆ. ಬಿಡಬೇಕೆಂದಿರುವ ಒಂದೇ ಒಂದು ಪಾಪವನ್ನು ಆರಿಸಿಕೊಳ್ಳಬೇಕು. ಮಧ್ಯಾಹ್ನ ಒಮ್ಮೆ, ರಾತ್ರಿ ಒಮ್ಮೆ ಮನಸ್ಸನ್ನು ಶೋಧಿಸಿ, ಎಷ್ಟು ಸಲ ಎಡವಿದೆವೋ ಅಷ್ಟು ಚುಕ್ಕೆಗಳನ್ನು ಗೆರೆಯ ಮೇಲೆ ಇಡಬೇಕು. ನಿನ್ನೆಯ ಗೆರೆಗೆ ಇಂದಿನದನ್ನು ಹೋಲಿಸಬೇಕು. ಕಿರಾಣಿ ಅಂಗಡಿಯ ಲೆಕ್ಕದಂತೆ ತೋರಬಹುದು. ಆದರೂ “ನಾನು ಪಾಪಿ” ಎಂದು ಹೇಳುವುದು ಸುಲಭ. “ಈ ದಿನ ಹೆಂಡತಿಯ ಮೇಲೆ ಮೂರು ಸಲ ರೇಗಿದೆ” ಎನ್ನುವಾಗ ನಾಲಿಗೆ ತಡವರಿಸುತ್ತದೆ.

ದೊಡ್ಡಸ್ವಾಮಿಯವರ ಪತ್ರವನ್ನು ಇನ್ನಷ್ಟು ಮುಂದಕ್ಕೆ ಓದಿದರೆ ಮನಸ್ಸಿಗೆ ಕಸಿವಿಸಿಯಾಗುತ್ತದೆ. ಕ್ರೈಸ್ತರಾದ ಆ ಇನ್ನೂರು ಮುನ್ನೂರು ಮಂದಿಯಲ್ಲಿ ನಿಸ್ವಾರ್ಥ ನಂಬಿಕೆಯಿಂದ ಬಂದವರು ಒಬ್ಬರೂ ತಮ್ಮ ನೆನಪಿಗೆ ಬಾರರೆಂದು ಅವರು ಬರೆಯುತ್ತಾರೆ. ಅಲ್ಲಿಂದ ಮುಂದೆ ತಪ್ಪು ಜಾತಿಯ ಕಟ್ಟಳೆಗಳದ್ದಾಗುತ್ತದೆ, ಐರೋಪ್ಯರ ಕೆಟ್ಟ ನಡತೆಯದ್ದಾಗುತ್ತದೆ, ಕೊನೆಗೆ ಈ ಜನರನ್ನು ದೇವರೇ ಕೈಬಿಟ್ಟಿರಬಹುದೆಂಬ ಮಾತಿಗೂ ಬಂದು ಮುಟ್ಟುತ್ತದೆ. ‘ನಾನು’ ಎಂದು ಆರಂಭವಾದ ನಿವೇದನೆ ‘ಅವರು’ ಎಂಬಲ್ಲಿಗೆ ಹೊರಳಿತು. ಆ ಬಡವರ ಹೃದಯವನ್ನು ಅಳೆದು ನೋಡಲು ಅವರಿಗೆ ಅಳತೆಗೋಲು ಕೊಟ್ಟವರಾರು? ಅಷ್ಟು ದುಡಿದ ಹಿರಿಯರ ಬಗ್ಗೆ ಹೀಗೆ ಬರೆಯಲು ನನಗೆ ಅಳುಕಿದೆ. ಆದರೂ ಅವರ ಪ್ರಾಮಾಣಿಕತೆ ಅರ್ಧದಾರಿಯಲ್ಲೇ ನಿಂತಿತೆಂದೇ ನನ್ನ ಅನಿಸಿಕೆ.

ನಮ್ಮ ಮನೆಯ ಸಂಜೆಯ ಪ್ರಾರ್ಥನೆಯೂ ಹೀಗೆ ಹೊರಳುವುದನ್ನು ನೀವು ಗಮನಿಸಿದ್ದೀರಾ? ಜಪಸರ ಮುಗಿದ ಮೇಲೆ ತಪ್ಪುಗಳನ್ನು ನೆನೆಯಲು ಕುಳಿತರೆ, ಎರಡು ನಿಮಿಷದೊಳಗೆ ಅತ್ತಿಗೆಯ ಮಾತು, ಪಕ್ಕದ ಮನೆಯವರ ಗದ್ದಲ, ಮಗನ ಸೋಮಾರಿತನ ಎಲ್ಲವೂ ದೇವರ ಮುಂದೆ ಸಾಲಾಗಿ ನಿಲ್ಲುತ್ತವೆ. ಪೂಜೆಯ ಆರಂಭದ ಪಾಪನಿವೇದನೆಯನ್ನು ನೂರಾರು ಜನ ಒಟ್ಟಿಗೆ ಹೇಳಿದರೂ ಅದರಲ್ಲಿರುವುದು ಏಕವಚನವೇ. 1970ರ ಪೂಜಾಗ್ರಂಥ ಇನ್ನೊಂದನ್ನೂ ಅದಕ್ಕೆ ಸೇರಿಸಿತು: ಮಾಡಬೇಕಿದ್ದು ಮಾಡದೆ ಬಿಟ್ಟದ್ದೂ ಪಾಪವೇ. ಬಿಟ್ಟುಬಿಟ್ಟದ್ದಕ್ಕೆ ಬೇರೆಯವರನ್ನು ಹೊಣೆ ಮಾಡುವುದು ಕಷ್ಟ.

ಪತ್ರಗಳು ಪ್ರಕಟವಾದ ಮೇಲೆ ದುಬುವಾ ಮತ್ತೆ ಭಾರತಕ್ಕೆ ಬರಲಿಲ್ಲ. ಆದರೆ ಇಲ್ಲಿ ಇನ್ನೇನೂ ಸಾಧ್ಯವಿಲ್ಲವೆಂದು ಬರೆದ ಅವರೇ ಪ್ಯಾರಿಸ್ಸಿನ ವಿದೇಶಿ ಮಿಷನ್ ಸಂಸ್ಥೆಯ ಗುರುಮಠದಲ್ಲಿ ಉಳಿದು, 1836ರಿಂದ ಮೂರು ವರ್ಷ ಅದರ ಮುಖ್ಯಸ್ಥರೂ ಆದರು. ಏಷ್ಯಾಕ್ಕೆ ಹೊರಡುವ ತರುಣ ಗುರುಗಳು ಸಿದ್ಧರಾಗುತ್ತಿದ್ದುದು ಅಲ್ಲಿಯೇ. 1848ರಲ್ಲಿ ದುಬುವಾ ತೀರಿಕೊಂಡರು. ಬ್ಲ್ಯಾಕ್‌ಪಲ್ಲಿಯಲ್ಲಿ ಇಂದಿನ ಎತ್ತರದ ದೇವಾಲಯವನ್ನು ಕಟ್ಟಿಸಿದ ಕ್ಲೈನರ್ ಸ್ವಾಮಿಯವರು ಅದೇ ಸಂಸ್ಥೆಗೆ ಸೇರಿದವರು. ಆ ದೇವಾಲಯದ ಬಾಗಿಲು ತೆರೆದದ್ದು 1882ರ ಸೆಪ್ಟೆಂಬರ್ 8ರಂದು, ಮಾತೆ ಮರಿಯಮ್ಮನವರ ಜನನದ ಹಬ್ಬದ ದಿನ.