ದೀನ ಟೊಂಕ ಕಟ್ಟಿದ್ದು

ನಾಟ್ಯಶಾಸ್ತ್ರ ಎಣಿಸುವ 33 ಸಂಚಾರಿಭಾವಗಳಲ್ಲಿ ದೈನ್ಯವೂ ಒಂದು. ಅದು ಹುಟ್ಟುವುದು ದುರ್ಗತಿಯಿಂದ, ಮನಸ್ಸಿನ ಬೇಗುದಿಯಿಂದ. ರಂಗದ ಮೇಲೆ ಅದನ್ನು ತೋರಿಸಬೇಕಾದ ನಟ ಮೈಭಾರದವನಂತೆ, ಮನಸ್ಸು ಎಲ್ಲೋ ಇರುವವನಂತೆ, ಮೈ ತೊಳೆಯುವುದನ್ನೂ ಬಿಟ್ಟವನಂತೆ ಕಾಣಿಸಿಕೊಳ್ಳಬೇಕು. ಆ ಲಕ್ಷಣಗಳಲ್ಲಿ ಮೊದಲು ಬರುವುದು ಅಧೃತಿ, ಅಂದರೆ ಧೃತಿಗೆಡುವುದು. ಅರ್ಜುನನ ಎರಡು ಪಣಗಳ ಮಾತೂ ಇದನ್ನೇ ಹೇಳುತ್ತದೆ: ದೈನ್ಯ ತೋರುವುದಿಲ್ಲ, ಓಡಿಹೋಗುವುದಿಲ್ಲ. ದೈನ್ಯ ಮತ್ತು ಪಲಾಯನ ಅಲ್ಲಿ ಅಕ್ಕಪಕ್ಕದ ಮನೆಯವು. ಬೀದಿಯ ಕನ್ನಡಕ್ಕೆ ಬಂದಾಗಲೂ ಪದದ ಅದೃಷ್ಟ ಬದಲಾಗಲಿಲ್ಲ. ದೀನಮುಖ, ದೀನಸ್ವರ ಎಂದರೆ ಕರುಣೆ ಬರಿಸುವಂಥವು. ದೈನೇಸಿಯಂತೆ ಬೇಡಿಕೊಂಡ ಎಂದರೆ ಕೇಳಿದವರಿಗೆ ಕರುಣೆಯ ಜೊತೆ ಸ್ವಲ್ಪ ತಾತ್ಸಾರವೂ ಬರುತ್ತದೆ.

ಇಂಥ ಪದವನ್ನು ಕನ್ನಡ ಕ್ರೈಸ್ತರು ಪ್ರಾರ್ಥನೆಯಲ್ಲಿ ಬೇಡಿಕೊಳ್ಳುತ್ತಾರೆ. ‘ದೀನಮನಸ್ಸು ಕೊಡು’ ಎಂದು ಪ್ರಾರ್ಥನಾಕೂಟದಲ್ಲಿ ಕೇಳುವವರಿದ್ದಾರೆ. ಬೇಡುವವನ ಸ್ಥಿತಿಯ ಹೆಸರೇ ಬೇಡಿಕೆಯ ವಸ್ತುವಾದದ್ದು ಹೇಗೆ? ಉತ್ತರಕ್ಕಾಗಿ ಗ್ರೀಕಿನವರೆಗೆ ಹೋಗಬೇಕು. ಅಲ್ಲಿಯೂ ಒಂದು ಪದ ಇದೇ ಬಗೆಯ ಅವಮಾನವನ್ನು ಹೊತ್ತು ತಿರುಗುತ್ತಿತ್ತು.

ಅದು ತಪೆಯ್ನೊಸ್. ಮೂಲದಲ್ಲಿ ತಗ್ಗಿನಲ್ಲಿರುವುದು ಎಂದರ್ಥ. ತಗ್ಗು ನೆಲಕ್ಕೆ ಅಂದಂತೆ ಕೆಳಗಿನ ಕುಲದವನಿಗೂ, ಬಗ್ಗಿ ನಡೆಯುವ ಅಳುಕಿನ ಮನಸ್ಸಿಗೂ ಅದನ್ನೇ ಅನ್ನುತ್ತಿದ್ದರು. ಅದರಿಂದ ಹುಟ್ಟಿದ ತಪೆಯ್ನೊಫ್ರೊಸುನೆ, ಅಂದರೆ ತಗ್ಗಿನ ಮನಸ್ಸು ಎಂಬ ನಾಮಪದವನ್ನು ದಾರ್ಶನಿಕ ಎಪಿಕ್ಟೆಟಸ್ ಬಳಸುವುದು ಹೀಗಳೆಯಲಿಕ್ಕೆ. ಅವನು ಸ್ವತಃ ಗುಲಾಮನಾಗಿದ್ದವನು ಎಂಬುದನ್ನು ನೆನೆದರೆ ತಾತ್ಸಾರದ ಕಾರಣ ತಿಳಿಯುತ್ತದೆ. ಯಾವ ಹಳ್ಳದಿಂದ ಕಷ್ಟಪಟ್ಟು ಮೇಲೆ ಬಂದನೋ ಅದನ್ನು ಸದ್ಗುಣವೆಂದು ಹೊಗಳಲು ಅವನಿಂದ ಹೇಗಾದೀತು?

ಹೀಬ್ರೂ ಕಡೆಯಿಂದ ಬಂದವರಿಗೆ ಮಾತ್ರ ಬೇರೊಂದು ನೆನಪಿತ್ತು. ಅವರ ಅನಾವ್ ಎಂಬ ಪದ, ಕಷ್ಟಕ್ಕೆ ಬಾಗಿದವನು ಎಂಬರ್ಥದ ಅನೀ ಜೊತೆ ಬೆಳೆದದ್ದು. ಆ ಪದವನ್ನು ಬೈಬಲಿನ ಅರಣ್ಯಕಾಂಡ ಮೋಶೆಗೆ ತೊಡಿಸುತ್ತದೆ. ಫರೋಹನ ಅರಮನೆಗೆ ಹೋಗಿ ಜನರನ್ನು ಬಿಡು ಎಂದ ಮೋಶೆಗೇ! ಸ್ವಂತ ಅಕ್ಕ, ಅಣ್ಣ ಅವನ ಹೆಂಡತಿಯ ನೆಪ ತೆಗೆದು ಆಡಿಕೊಂಡ ಕಡೆ ಆ ಮಾತು ಬರುತ್ತದೆ. ಅಲ್ಲಿ ಅವನು ತನ್ನ ಪರವಾಗಿ ಒಂದು ಮಾತೂ ಆಡುವುದಿಲ್ಲ.

ಪದದ ದಿಕ್ಕು ಕಣ್ಣಿಗೆ ಕಾಣುವಂತೆ ತಿರುಗಿದ್ದು ಕೊರಿಂಥದಲ್ಲಿ. ಹಾಳುಬಿದ್ದಿದ್ದ ಆ ಪಟ್ಟಣವನ್ನು ಕ್ರಿ.ಪೂ. 44ರ ಸುಮಾರಿಗೆ ಜೂಲಿಯಸ್ ಸೀಸರ್ ರೋಮನ್ ವಸಾಹತಾಗಿ ಮತ್ತೆ ಕಟ್ಟಿಸಿದ. ಬಂದು ನೆಲೆಸಿದವರಲ್ಲಿ ಬಿಡುಗಡೆ ಪಡೆದ ಗುಲಾಮರು ಬಹಳ. ಹೊಸ ಹಣ, ಹೊಸ ಹೆಸರು, ಕಲ್ಲಿನ ಮೇಲೆ ದಾನಶಾಸನ ಕೆತ್ತಿಸುವ ಹಂಬಲ. ಭಾಷಣಕಾರರಿಗೆ ಅಲ್ಲಿ ಒಳ್ಳೆಯ ಗಿರಾಕಿ. ಅಂಥ ಊರಿನ ಕ್ರೈಸ್ತ ಸಭೆಯಲ್ಲಿ ಅಪೊಸ್ತಲ ಪೌಲನ ಬಗ್ಗೆ ಗುಸುಗುಸು ಎದ್ದಿತು: ಕಾಗದ ಬರೆಯುವಾಗ ಧೈರ್ಯಶಾಲಿ, ಎದುರಿಗೆ ನಿಂತರೆ ತಪೆಯ್ನೊಸ್. ನಮ್ಮ ಮಾತಿನಲ್ಲಿ, ದೂರದಲ್ಲಿ ಹುಲಿ, ಹತ್ತಿರದಲ್ಲಿ ದೈನೇಸಿ.

ಎರಡನೆಯ ಕೊರಿಂಥ ಪತ್ರಿಕೆಯ ಹತ್ತನೆಯ ಅಧ್ಯಾಯದಲ್ಲಿ ಪೌಲ ಈ ಬೈಗುಳವನ್ನು ತಾನೇ ಎತ್ತಿ ಹೇಳುತ್ತಾನೆ. ಅಲ್ಲಗಳೆಯುವುದಿಲ್ಲ. ಮುಂದಿನ ಅಧ್ಯಾಯದಲ್ಲಿ, ಜಂಬ ಕೊಚ್ಚಲೇಬೇಕೆಂದರೆ ಕೊಚ್ಚುತ್ತೇನೆ ಎಂದು ಶುರುಮಾಡಿ ಏಟುಗಳ, ಹಡಗೊಡೆದದ್ದರ, ಹಸಿವಿನ ಪಟ್ಟಿ ಕೊಡುತ್ತಾನೆ. ಪಟ್ಟಿಯ ತುದಿಗೆ ಬರುವುದು ದಮಸ್ಕದ ಘಟನೆ: ಹಿಡಿಯಲು ಕಾವಲಿದ್ದಾಗ ಗೋಡೆಯ ಕಿಟಕಿಯಿಂದ ಬುಟ್ಟಿಯಲ್ಲಿ ಕೂರಿಸಿ ಅವನನ್ನು ಕೆಳಗಿಳಿಸಿದರು. ಶತ್ರುಪಟ್ಟಣದ ಕೋಟೆಗೋಡೆಯನ್ನು ಮೊದಲು ಹತ್ತಿದ ರೋಮನ್ ಯೋಧನಿಗೆ ಚಿನ್ನದ ಕಿರೀಟವೊಂದು ಸಲ್ಲುತ್ತಿತ್ತು. ವಸಾಹತಿನ ಜನರಿಗೆ ಆ ಪ್ರಶಸ್ತಿ ಗೊತ್ತು. ಗೋಡೆ ಹತ್ತಿದವನಿಗೆ ಕಿರೀಟವಿರುವ ಲೋಕದಲ್ಲಿ ಗೋಡೆ ಇಳಿದವನು ಅದನ್ನೇ ಪದಕದಂತೆ ಎದೆಗೆ ಚುಚ್ಚಿಕೊಳ್ಳುತ್ತಾನೆ, ಅದೂ ಬುಟ್ಟಿಯ ಸಮೇತ. ಧರ್ಮಗ್ರಂಥಗಳಲ್ಲಿ ಹಾಸ್ಯವಿಲ್ಲ ಎನ್ನುವವರು ಈ ಅಧ್ಯಾಯವನ್ನು ಇನ್ನೊಮ್ಮೆ ಓದಬೇಕು. ಮುಚ್ಚಿಡಲು ಏನೂ ಉಳಿಯದವನಿಗೆ ಬೈಗುಳದ ಹೆದರಿಕೆ ಉಳಿಯಲಿಲ್ಲ. ಅವನ ದಿಟ್ಟತನದ ಕೀಲು ಅಲ್ಲಿದೆ.

ಇದು ಒಬ್ಬನ ಸ್ವಭಾವದ ಮಾತಷ್ಟೇ ಆಗಿದ್ದರೆ ಪದ ಅಷ್ಟು ದೂರ ಹೋಗುತ್ತಿರಲಿಲ್ಲ. ಅದೇ ಕೊರಿಂಥದವರಿಗೆ ಮೊದಲ ಪತ್ರಿಕೆಯಲ್ಲಿ ಪೌಲ ಸಭೆಯನ್ನು ಒಂದು ದೇಹ ಎಂದಿದ್ದ. ಆ ಹೋಲಿಕೆ ರೋಮನ್ನರಿಗೆ ಹಳೆಯದು. ಮುಷ್ಕರ ಹೂಡಿದ ಬಡಜನರಿಗೆ ಮೆನೇನಿಯಸ್ ಅಗ್ರಿಪ್ಪ ಹೊಟ್ಟೆ ಮತ್ತು ಕೈಕಾಲುಗಳ ಕಥೆ ಹೇಳಿ ಒಪ್ಪಿಸಿದ್ದನ್ನು ಇತಿಹಾಸಕಾರ ಲಿವಿ ಬರೆದಿದ್ದಾನೆ. ದುಡಿಯುವ ಅಂಗಗಳೇ, ಸುಮ್ಮನೆ ದುಡಿಯಿರಿ ಎಂಬುದು ಆ ಕಥೆಯ ತಾತ್ಪರ್ಯ. ಪೌಲ ಹೇಳುವುದು ಬಲಹೀನವಾಗಿ ತೋರುವ ಅಂಗಗಳೇ ಅಗತ್ಯ ಎಂದು. ಉಪದೇಶ ಈಗ ಮೇಲಿನವರ ಕಿವಿಗೆ.

19ನೇ ಶತಮಾನದಲ್ಲಿ ಬಳ್ಳಾರಿಯ ಮಿಷನರಿ ಜಾನ್ ಹ್ಯಾಂಡ್ಸ್, ಆಮೇಲೆ ಬಾಸೆಲ್ ಮಿಷನ್ನಿನವರು, ಅವರ ಜೊತೆ ಕೂತ ಕನ್ನಡ ಪಂಡಿತರು ಬೈಬಲನ್ನು ಕನ್ನಡಕ್ಕೆ ತರುವಾಗ ಪದಗಳಿಗೆ ಕೊರತೆಯಿರಲಿಲ್ಲ. ವಿನಯ ಇತ್ತು, ಆದರೆ ಅದು ವಿದ್ಯೆ ತಂದುಕೊಡುವ ಒಡವೆ, ಓದಿದವರ ಮನೆಯದು. ನಮ್ರತೆ ಇತ್ತು, ಅದರಲ್ಲಿ ಮೈ ಬಾಗುವ ಶಿಷ್ಟಾಚಾರ ಹೆಚ್ಚು. ಶರಣರ ಪಂಚಾಚಾರಗಳಲ್ಲಿ ಒಂದಾದ ಭೃತ್ಯಾಚಾರ ಅರ್ಥಕ್ಕೆ ಬಹಳ ಹತ್ತಿರದ್ದು, ಆದರೆ ಒಂದು ಪಂಥದ ಮುದ್ರೆ ಬಿದ್ದ ಪದ. ಕನ್ನಡ ಬೈಬಲಿನಲ್ಲಿ ದೀನಮನಸ್ಸು, ದೀನಭಾವ ನೆಲೆಯಾದವು. ತಪೆಯ್ನೊಸ್‌ನಲ್ಲಿದ್ದ ಕೊಳೆ, ಹಸಿವು, ಅವಮಾನ ಯಾವುದನ್ನೂ ತೊಳೆಯದೆ ತರಬಲ್ಲ ಪದ ಇದೊಂದೇ ಎಂದು ನನಗನ್ನಿಸುತ್ತದೆ. ವಿನಯ ಎಂದಿದ್ದರೆ ಪೌಲನ ಬುಟ್ಟಿ ಪಲ್ಲಕ್ಕಿಯಾಗುತ್ತಿತ್ತು.

ಪೇತ್ರನ ಮೊದಲನೆಯ ಪತ್ರಿಕೆಯ ಐದನೆಯ ಅಧ್ಯಾಯಕ್ಕೆ ಬಂದರೆ ಕನ್ನಡಕ್ಕೆ ಅದೃಷ್ಟ ಖುಲಾಯಿಸುತ್ತದೆ. ಹಿರಿಯರು ದರ್ಪ ತೋರಬಾರದು, ಕಿರಿಯರು ಮಾತು ಕೇಳಬೇಕು ಎಂದಾದ ಮೇಲೆ ಎಲ್ಲರೂ ಒಬ್ಬರಿಗೊಬ್ಬರು ದೀನಮನಸ್ಸನ್ನು ಕಟ್ಟಿಕೊಳ್ಳಿರಿ ಎಂಬರ್ಥದ ಮಾತು ಬರುತ್ತದೆ. ಅಲ್ಲಿನ ಗ್ರೀಕ್ ಕ್ರಿಯಾಪದದ ಹಿಂದೆ ಇರುವುದು ಗುಲಾಮರು ಕೆಲಸಕ್ಕೆ ಇಳಿಯುವಾಗ ಮೇಲೆ ಕಟ್ಟಿಕೊಳ್ಳುತ್ತಿದ್ದ ವಸ್ತ್ರ. ಸೊಂಟಕ್ಕೆ ಅಂಗವಸ್ತ್ರ ಸುತ್ತಿ ಶಿಷ್ಯರ ಕಾಲು ತೊಳೆದ ಯೇಸು ನೆನಪಾಗದೆ ಇರುವುದಿಲ್ಲ. ನಮ್ಮಲ್ಲಿ ಸೊಂಟ ಕಟ್ಟಿದವನನ್ನು, ಟೊಂಕ ಕಟ್ಟಿ ನಿಂತವನನ್ನು ಯಾರೂ ದೈನೇಸಿ ಎನ್ನುವುದಿಲ್ಲ. ಕೆಲಸಕ್ಕೂ ಕಾಳಗಕ್ಕೂ ಅಣಿಯಾದವನ ಭಂಗಿ ಅದು. ಪಣ ತೊಟ್ಟ ಅರ್ಜುನ ದೂರವಿಟ್ಟಿದ್ದ ಪದ ಕೊನೆಗೂ ಅವನ ಭಂಗಿಯಲ್ಲೇ ಬಂದು ನಿಂತಿತು.

ಕೂಡಿ ಬಾಳುವ ಕಟ್ಟಳೆಯಾಗಿ ಇದನ್ನು ಬರೆದಿಟ್ಟವರಲ್ಲಿ 6ನೇ ಶತಮಾನದ ಇಟಲಿಯ ಬೆನೆಡಿಕ್ಟ್ ದೊಡ್ಡವನು. ಮಠಗಳಿಗೆಂದು ಅವನು ಬರೆದ ನಿಯಮದ ಏಳನೆಯ ಅಧ್ಯಾಯದಲ್ಲಿ ದೀನತೆಗೆ 12 ಮೆಟ್ಟಿಲು; ಆ ಏಣಿಯನ್ನು ಹತ್ತುವುದೇ ಇಳಿಯುವುದರಿಂದ. ಅಷ್ಟಾಗಿ ಹೆಸರಾಗದ ಮೂರನೆಯ ಅಧ್ಯಾಯ ನನಗೆ ಹೆಚ್ಚು ಇಷ್ಟ. ಮುಖ್ಯವಾದ ಸಂಗತಿ ಬಂದಾಗಲೆಲ್ಲ ಮಠಾಧಿಪತಿ ಎಲ್ಲರನ್ನೂ ಕರೆದು ಅಭಿಪ್ರಾಯ ಕೇಳಬೇಕು, ಏಕೆಂದರೆ ದೇವರು ಒಳ್ಳೆಯದನ್ನು ಎಷ್ಟೋ ಸಲ ಕಿರಿಯನಿಗೇ ತಿಳಿಸುತ್ತಾನೆ. ನಿನ್ನೆ ಸೇರಿದ ಹುಡುಗನಿಗೆ ಬಾಯಿ ತೆರೆಯುವ ಧೈರ್ಯ ಎಲ್ಲಿಂದ ಬರಬೇಕು? ಹಿರಿಯ ತಗ್ಗಿದ ಜಾಗದಿಂದ. ಒಬ್ಬರ ದೀನತೆ ಇನ್ನೊಬ್ಬರ ಧೈರ್ಯವಾಗುವ ಈ ಲೆಕ್ಕ ಒಂಟಿ ತಪಸ್ವಿಗೆ ದಕ್ಕುವುದಿಲ್ಲ.

ಈ ಲೆಕ್ಕವನ್ನು ತಿರುವುಮುರುವು ಮಾಡುವುದೂ ಸುಲಭ. ತಗ್ಗು ಎಂಬ ನಮ್ಮ ಅಚ್ಚ ಮಾತಿನಿಂದ ಎರಡು ಕ್ರಿಯೆಗಳಾಗುತ್ತವೆ: ತಗ್ಗಿಸು, ತಗ್ಗಿಸಿಕೊಳ್ಳು. ಕ್ರಿಸ್ತನ ಬಗ್ಗೆ ಕನ್ನಡ ಬೈಬಲು ಹೇಳುವುದು ಎರಡನೆಯದನ್ನು. ‘ಕೊಳ್ಳು’ ಎಂಬ ಬಾಲ ಕಳಚಿದರೆ ಸದ್ಗುಣ ದೌರ್ಜನ್ಯವಾಗುತ್ತದೆ. ದೀನದಲಿತರು ಎಂಬ ಜೋಡಿಪದ ನಮ್ಮ ಪತ್ರಿಕೆಗಳಲ್ಲಿ ದಿನವೂ ಬರುತ್ತದೆ. ಅಲ್ಲಿನ ದೀನರು ತಾವಾಗಿ ತಗ್ಗಿದವರಲ್ಲ. 1981ರಲ್ಲಿ ಬೆಂಗಳೂರಿನ ಯುನೈಟೆಡ್ ಥಿಯಲಾಜಿಕಲ್ ಕಾಲೇಜಿನಲ್ಲಿ ಅರವಿಂದ ನಿರ್ಮಲ್ ಕೊಟ್ಟ ಉಪನ್ಯಾಸ ಮುಂದೆ ದಲಿತ ದೇವತಾಶಾಸ್ತ್ರಕ್ಕೆ ದಾರಿಯಾಯಿತು. ಭಾರತದ ಕ್ರೈಸ್ತರಲ್ಲಿ ಹೆಚ್ಚಿನವರು ತುಳಿತಕ್ಕೊಳಗಾದ ಜಾತಿಗಳಿಂದ ಬಂದವರಾದರೂ ಇಲ್ಲಿನ ಕ್ರೈಸ್ತ ಚಿಂತನೆ ಮೇಲ್ಜಾತಿಯ ತತ್ತ್ವಗಳ ಸುತ್ತಲೇ ಸುತ್ತಿದೆ ಎಂಬುದು ಅವರ ತಕರಾರು. ಅಂಥ ಸಭೆಯಲ್ಲಿ ಹಿಂದಿನ ಬೆಂಚಿನವರಿಗೆ ದೀನರಾಗಿರಿ ಎಂದು ಬೋಧಿಸುವವರು, ಪೌಲನನ್ನು ಬಿಟ್ಟು ಅಗ್ರಿಪ್ಪನನ್ನು ಹಿಡಿದವರು.

ನಮ್ಮ ಕಾಲದಲ್ಲಿ ದೌರ್ಬಲ್ಯದ ಬಗ್ಗೆ ಅತಿ ಸುಂದರವಾಗಿ ಮಾತಾಡಿದವರಲ್ಲಿ ಜೀನ್ ವನಿಯೆ ಒಬ್ಬರು. 1964ರಲ್ಲಿ ಫ್ರಾನ್ಸಿನ ತ್ರೋಸ್ಲಿಯಲ್ಲಿ ಬುದ್ಧಿಮಾಂದ್ಯರೆಂದು ಸಂಸ್ಥೆಗಳಲ್ಲಿ ಕೂಡಿಹಾಕಿದ್ದ ಇಬ್ಬರನ್ನು ಕರೆತಂದು ಒಂದೇ ಮನೆಯಲ್ಲಿ ಬಾಳತೊಡಗಿದರು. ಆ ಮನೆಯಿಂದ ಲಾರ್ಶ್, ಅಂದರೆ ನಾವೆ, ಎಂಬ ಬಳಗ ಬೆಳೆಯಿತು. 1970ರಲ್ಲಿ ಅದು ಆಶಾನಿಕೇತನವೆಂಬ ಹೆಸರಿನಲ್ಲಿ ಬೆಂಗಳೂರಿಗೂ ಬಂತು. ಇಲ್ಲಿ ಅಶಕ್ತರೇ ಗುರುಗಳು ಎಂಬ ಮಾತು ಜಗತ್ತಿನಾದ್ಯಂತ ಎಷ್ಟೋ ಜನರಿಗೆ ಬಲ ಕೊಟ್ಟಿತು. ವನಿಯೆ 2019ರಲ್ಲಿ ತೀರಿಕೊಂಡರು. ಅವರು ಆಧ್ಯಾತ್ಮಿಕ ಮಾರ್ಗದರ್ಶನದ ನೆಪದಲ್ಲಿ ಮಹಿಳೆಯರನ್ನು ಲೈಂಗಿಕವಾಗಿ ದುರುಪಯೋಗಪಡಿಸಿಕೊಂಡಿದ್ದರೆಂದು 2020ರಲ್ಲಿ ಹೊರಬಂತು. 2023ರ ಸವಿಸ್ತಾರ ವರದಿ ಅಂಥ ಕನಿಷ್ಠ 25 ಮಹಿಳೆಯರನ್ನು ಗುರುತಿಸಿತು.

ಈ ಎರಡೂ ತನಿಖೆಗಳನ್ನು ಮಾಡಿಸಿದ್ದು ಲಾರ್ಶ್ ಬಳಗವೇ. ಸಂತನಂತೆ ಕಂಡಿದ್ದ ಸ್ಥಾಪಕನ ಹೆಸರು ಉಳಿಸಿಕೊಳ್ಳಲು ಮೌನ ಸಾಕಿತ್ತು. ಆತನೇ ಇಲ್ಲವಾದ ಮೇಲೆ ನೆಪಕ್ಕೂ ಕೊರತೆಯಿರಲಿಲ್ಲ. ಆದರೂ ಬಳಗದವರು ಹೊರಗಿನವರನ್ನು ಕರೆಸಿದರು, ಕಡತಗಳನ್ನು ತೆರೆದುಕೊಟ್ಟರು, ಬಾಯಿಬಿಟ್ಟ ಮಹಿಳೆಯರನ್ನು ನಂಬಿದರು. ನೂರಾರು ಪುಟಗಳ ವರದಿಯನ್ನು ಯಾರು ಬೇಕಾದರೂ ಓದುವಂತೆ ಪ್ರಕಟಿಸಿದರು.