ರೆಸಾರ್ಟಿನ ಬಾಗಿಲಲ್ಲಿ ಹಾಸ್ಯಗಾರ

‘ಹಂಬಲ್ ಪೊಲಿಟಿಶಿಯನ್ ನೊಗ್‌ರಾಜ್’ ಸಿನಿಮಾ ತೆರೆಗೆ ಬಂದದ್ದು 2018ರ ಜನವರಿ 12ಕ್ಕೆ. ನಾಲ್ಕು ತಿಂಗಳು ಕಳೆದು ಮೇ 12ಕ್ಕೆ ವಿಧಾನಸಭೆಗೆ ಮತದಾನ ನಡೆಯಿತು. ಬಿಜೆಪಿ 104ಕ್ಕೆ ನಿಂತಿತು. ಬಹುಮತ ಯಾರಿಗೂ ಇಲ್ಲ. ಯಡಿಯೂರಪ್ಪನವರು 17ಕ್ಕೆ ಪ್ರಮಾಣವಚನ ತೆಗೆದುಕೊಂಡು 19ಕ್ಕೆ ರಾಜೀನಾಮೆ ಕೊಟ್ಟರು. ಆ ನಡುವೆ ಕಾಂಗ್ರೆಸ್ ಶಾಸಕರು ಬಿಡದಿಯ ರೆಸಾರ್ಟಿನಲ್ಲಿ, ಟಿವಿಯವರು ಅದರ ಗೇಟಿನಲ್ಲಿ. ಮರುವರ್ಷ, ಅವರ ಬಳಿಕ ಬಂದ ಮೈತ್ರಿ ಸರಕಾರದ ಕೆಲವು ಶಾಸಕರು ಮುಂಬಯಿಯ ಹೋಟೆಲು ಸೇರಿದರು. ಜುಲೈ 23ಕ್ಕೆ ಕುಮಾರಸ್ವಾಮಿಯವರ ಸರಕಾರ 99–105ರಲ್ಲಿ ಬಿತ್ತು. ನೊಗ್‌ರಾಜನ ಎರಡನೇ ಭಾಗವನ್ನು ರಾಜಕಾರಣಿಗಳೇ ಬರೆದು ಮುಗಿಸಿಬಿಟ್ಟರು. ನಿರ್ದೇಶಕ ಸಾದ್ ಖಾನ್ ಮತ್ತು ನಟ ದಾನಿಶ್ ಸೇಠ್ ತಮ್ಮ ಎರಡನೇ ಭಾಗವನ್ನು ತಂದದ್ದು 2022ರ ಜನವರಿಯಲ್ಲಿ, ವೂಟ್‌ನಲ್ಲಿ, ಹತ್ತು ಕಂತುಗಳ ವೆಬ್ ಸರಣಿಯಾಗಿ. ಅತಂತ್ರ ವಿಧಾನಸಭೆ, ರೆಸಾರ್ಟು, ಕುರ್ಚಿ: ಕಥೆ ಇಷ್ಟೇ. ಆದರೆ ಈ ಸಲ ಅದನ್ನು ಅಣಕು ಸಾಕ್ಷ್ಯಚಿತ್ರದ, ಅಂದರೆ ಮಾಕ್ಯುಮೆಂಟರಿಯ, ರೀತಿಯಲ್ಲಿ ಹೇಳಿದರು. ಪಾತ್ರಗಳು ನಡುನಡುವೆ ಕ್ಯಾಮೆರಾದ ಎದುರು ಕೂತು ತಮ್ಮ ಸುಳ್ಳನ್ನು ಸಂದರ್ಶನ ಕೊಟ್ಟಂತೆ ಒಪ್ಪಿಸುತ್ತವೆ.

ಈ ಪ್ರಕಾರದಲ್ಲಿ ನಗಿಸುವವನಷ್ಟೇ ಮುಖ್ಯ ನಗದೇ ಇರುವವನು. ಪಾತ್ರ ಏನೇ ಬೊಗಳೆ ಬಿಡಲಿ, ಕ್ಯಾಮೆರಾ ಗಂಭೀರವಾಗಿ ದಾಖಲಿಸುತ್ತ ಹೋಗಬೇಕು. 1957ರ ಏಪ್ರಿಲ್ 1ರಂದು ಬಿಬಿಸಿಯ ಪನೋರಮಾ ಕಾರ್ಯಕ್ರಮ ಮರದಿಂದ ಸ್ಪಗೆಟಿ ಕೊಯ್ಯುವ ವರದಿಯನ್ನು ಒಂದು ಚೂರೂ ನಗದೆ ತೋರಿಸಿತ್ತು. ನಂಬಿದವರು ಬೇಕಾದಷ್ಟು ಮಂದಿ. ನಮ್ಮ ಕರಾವಳಿಯ ಕಡೆಯವರಿಗೆ ಇದು ಹೊಸತಾಗಿ ಕಾಣಬಾರದು. ಯಕ್ಷಗಾನದ ಆಟದಲ್ಲಿ ಹಾಸ್ಯಗಾರ ದೂತನಾಗಿಯೋ ಅಗಸನಾಗಿಯೋ ರಂಗಕ್ಕೆ ಬಂದರೆ ಅವನನ್ನು ವಿಚಾರಿಸುವವರು ಭಾಗವತರು. ಯಾರಪ್ಪಾ, ಎಲ್ಲಿಂದ ಬಂದದ್ದು, ಏನು ಸಮಾಚಾರ? ಭಾಗವತರು ಕೇಳುತ್ತಾರೆ, ಹಾಸ್ಯಗಾರ ಜಾರುತ್ತಾನೆ, ಜಾರುವಾಗ ಪುರಾಣದ ಪಟ್ಟಣಕ್ಕೆ ಊರಿನ ಪಂಚಾಯತು ನುಗ್ಗುತ್ತದೆ. ಭಾಗವತರು ನಕ್ಕರೆ ಆ ಸನ್ನಿವೇಶ ಕೆಟ್ಟಿತು. ವಿಟ್ಲದ ಗೋಪಾಲಕೃಷ್ಣ ಜೋಶಿ, ‘ಪಾಪಣ್ಣ ವಿಜಯ’ದ ಪಾತ್ರದಿಂದ ಪಾಪಣ್ಣ ಭಟ್ಟರೆಂದೇ ಕರೆಸಿಕೊಂಡ ಪೆರುವೋಡಿ ನಾರಾಯಣ ಭಟ್ಟ, ತುಳು ಪ್ರಸಂಗಗಳ ಮಿಜಾರು ಅಣ್ಣಪ್ಪ, ಇವರೆಲ್ಲ ಈ ವಿದ್ಯೆಯಲ್ಲಿ ಪಳಗಿದವರು. ಪ್ರಸಂಗ ಹಳೆಯದು, ಪಾತ್ರ ಅದೇ. ಮಾತು ಮಾತ್ರ ಆಯಾ ರಾತ್ರಿಯದು. ಪ್ರತಿ ಆಟವೂ ಹಿಂದಿನ ಆಟದ ಮುಂದುವರಿದ ಭಾಗ ಎಂದು ಲೆಕ್ಕ ಹಿಡಿದರೂ ನಡೆದೀತು.

ನಮ್ಮ ಪುತ್ತೂರಿನಲ್ಲೇ ಕುಳಿತು ಬರೆದ ಶಿವರಾಮ ಕಾರಂತರು 1930ರ ಆಸುಪಾಸಿನಲ್ಲಿ ‘ಡೊಮಿಂಗೊ’, ‘ಭೂತರಾಜ್ಯ’ ಎಂಬ ಮೂಕಿಚಿತ್ರಗಳನ್ನು ತೆಗೆದವರು. ವಿಡಂಬನೆಗೆ ಮಾತ್ರ ಕ್ಯಾಮೆರಾ ಬಳಸದೆ ಕಾಗದವನ್ನೇ ಬಳಸಿದರು. ‘ಮೈಗಳ್ಳನ ದಿನಚರಿಯಿಂದ’ ಎಂಬ ಹೆಸರನ್ನೇ ನೋಡಿ: ಸೋಮಾರಿಯೊಬ್ಬನ ಖಾಸಗಿ ದಾಖಲೆ ನಮ್ಮ ಕೈಗೆ ಸಿಕ್ಕಿದೆ ಎಂಬ ನಟನೆ. ಅಣಕು ಸಾಕ್ಷ್ಯಚಿತ್ರಕ್ಕೆ ಬೇಕಾದ ಮೊದಲ ಸುಳ್ಳೂ ಇದೇ.

ಘಟ್ಟದ ಮೇಲೆ ಈ ಕೆಲಸವನ್ನು ರಂಗಭೂಮಿ ಹೊತ್ತುಕೊಂಡಿತು. ಮಾಸ್ಟರ್ ಹಿರಣ್ಣಯ್ಯನವರ ‘ಲಂಚಾವತಾರ’ಕ್ಕೆ ಜನ ಮತ್ತೆ ಮತ್ತೆ ಹೋದದ್ದು ಕಥೆಗಾಗಿ ಅಲ್ಲ, ಬೆಳಗ್ಗಿನ ಪತ್ರಿಕೆಗೆ ಸಂಜೆ ಅವರು ಏನು ಉತ್ತರ ಕೊಡುತ್ತಾರೆ ಎಂದು ಕೇಳಲಿಕ್ಕೆ. 1980ರಲ್ಲಿ ಕಲಾಗಂಗೋತ್ರಿ ತಂಡ ‘ಮುಖ್ಯಮಂತ್ರಿ’ ನಾಟಕವನ್ನು ರಂಗಕ್ಕೆ ತಂದಿತು. ಅದರ ನಾಯಕ ಚಂದ್ರು ಅವರ ಹೆಸರಿನ ಹಿಂದೆ ಪಾತ್ರದ ಹೆಸರು ಶಾಶ್ವತವಾಗಿ ಅಂಟಿಕೊಂಡಿತು. 1985ರಲ್ಲಿ ಅವರು ಗೌರಿಬಿದನೂರಿನಿಂದ ನಿಜವಾಗಿಯೇ ಶಾಸಕರಾದರು. ಅಣಕವೊಂದು ನೇರವಾಗಿ ಸದನಕ್ಕೇ ನಡೆದುಹೋಯಿತು. ಸಿನಿಮಾದಲ್ಲಿ ಗುರುಪ್ರಸಾದ್ ‘ಮಠ’ (2006), ‘ಎದ್ದೇಳು ಮಂಜುನಾಥ’ (2009) ಮಾಡಿದರು. ಮಂಜುನಾಥನ ಎರಡನೇ ಭಾಗ ತೆರೆ ಕಂಡದ್ದು 2025ರಲ್ಲಿ, ಅವರು ತೀರಿಹೋದ ಮೇಲೆ.

ನೊಗ್‌ರಾಜ್ ಹುಟ್ಟಿದ್ದು ಈ ಯಾವ ಮನೆಯಲ್ಲೂ ಅಲ್ಲ, ಎಫ್‌ಎಂ ರೇಡಿಯೊದಲ್ಲಿ. ದಾನಿಶ್ ಅಪರಿಚಿತರಿಗೆ ಫೋನು ಮಾಡಿ ಸ್ವರ ಬದಲಿಸಿ ಕಾಡುತ್ತಿದ್ದರು. ಅದೇ ಜಾತಿಯ ಅವರ ಇನ್ನೊಂದು ಪಾತ್ರ ‘ಮಿಸ್ಟರ್ ನ್ಯಾಗ್ಸ್’ ಆರ್‌ಸಿಬಿ ಆಟಗಾರರನ್ನು ಸಂದರ್ಶಿಸಿದ. ಸಿನಿಮಾದಲ್ಲಿ ನೊಗ್‌ರಾಜ್ ಬೆಂಗಳೂರಿನ ಕಾರ್ಪೊರೇಟರ್, ಶಾಸಕನಾಗುವ ಆಸೆಯವನು. ಎದುರಾಳಿ ಅರುಣ್ ಪಾಟೀಲ ಸಜ್ಜನ, ಓದಿದವನು. ಆ ಚಿತ್ರದ ದೌರ್ಬಲ್ಯವೂ ಅಲ್ಲೇ ಇತ್ತು: ಒಳ್ಳೆಯವನೊಬ್ಬನನ್ನು ಎದುರಿಗೆ ನಿಲ್ಲಿಸಿದ ಕೂಡಲೇ ವಿಡಂಬನೆ ನೀತಿಪಾಠದ ಕಡೆಗೆ ವಾಲುತ್ತದೆ. ಸರಣಿಯಲ್ಲಿ ಆ ತೂಕ ಬದಲಾಯಿತು. ಪ್ರಕಾಶ್ ಬೆಳವಾಡಿ ಮಾಡಿದ ಕೃಷ್ಣ ಗುಂಡು ಬಾಲ ಕುರ್ಚಿಗೆ ನೊಗ್‌ರಾಜನಷ್ಟೇ ಹಸಿದವನು. ಇಬ್ಬರ ಮಾತನ್ನೂ ಕ್ಯಾಮೆರಾ ಸಮನಾಗಿ ಕೇಳಿಸಿಕೊಳ್ಳುತ್ತದೆ. ಹತ್ತು ಕಂತುಗಳಿಗೆ ಸರಕು ಸಾಲದು, ಆರಕ್ಕೆ ಮುಗಿಸಬಹುದಿತ್ತು ಎಂಬುದು ನನ್ನ ತಕರಾರು. ಭಾಷೆಯೂ ಅರ್ಧ ಇಂಗ್ಲಿಷು. ಬೆಂಗಳೂರು ಬಿಟ್ಟು ಹೊರಗೆ ಅದರ ನಗು ಎಷ್ಟು ದೂರ ಹೋದೀತೋ. ಆದರೂ ಸುದ್ದಿ ಚಾನೆಲುಗಳು ರೆಸಾರ್ಟಿನ ಗೇಟನ್ನು ದಿನವಿಡೀ ತೋರಿಸಿದ ಮೇಲೆ ಒಳಗಿನ ಕೋಣೆಗೂ ಒಂದು ಕ್ಯಾಮೆರಾ ಕಳಿಸಿದ್ದು ಜಾಣತನ. ಪುತ್ತೂರಿನವರಿಗೆ ಇದು ದೂರದ ಕಥೆಯೂ ಅಲ್ಲ: ಸುಳ್ಯದ ಮಂಡೆಕೋಲಿನಿಂದ ಬಂದು 1994, 1999ರಲ್ಲಿ ಪುತ್ತೂರನ್ನು ಪ್ರತಿನಿಧಿಸಿದ ಡಿ.ವಿ. ಸದಾನಂದ ಗೌಡರು 2011ರಲ್ಲಿ ಮುಖ್ಯಮಂತ್ರಿಯಾದದ್ದು ಶಾಸಕರ ಗುಪ್ತ ಮತದಾನದಲ್ಲಿ, ಇಳಿದದ್ದು ವರ್ಷ ತುಂಬುವುದರೊಳಗೆ.

ಹೊರಗಿನ ಎರಡನೇ ಭಾಗಗಳ ಹಣೆಬರಹ ಬೇರೆ. ಇದೇ ಪ್ರಕಾರದ ‘ಬೋರಾಟ್’ 2006ರಲ್ಲಿ ಬಂತು. ಅದರ ಮುಂದುವರಿಕೆ 2020ರ ಅಕ್ಟೋಬರಿನಲ್ಲಿ, ಅಮೆರಿಕದ ಅಧ್ಯಕ್ಷ ಚುನಾವಣೆಗೆ ಎರಡು ವಾರವೂ ಉಳಿದಿಲ್ಲದಾಗ. ಅವರು ಘಟನೆಗಿಂತ ಮುಂಚೆ ತಲುಪಿದರು, ನಾವು ಆಮೇಲೆ. ಪಕ್ಕದ ಕಾಸರಗೋಡು ಜಿಲ್ಲೆಯಲ್ಲಿ ನಡೆಯುವ ಮಲಯಾಳದ ‘ನ್ನಾ ತಾನ್ ಕೇಸ್ ಕೊಡು’ (2022) ರಸ್ತೆಯ ಹೊಂಡವೊಂದನ್ನು ಹಿಡಿದು ಮಂತ್ರಿಯನ್ನೇ ಕೋರ್ಟಿಗೆ ಎಳೆದ ಕಳ್ಳನ ಕಥೆ. ಥಿಯೇಟರಿನ ದಾರಿಯಲ್ಲಿ ಹೊಂಡಗಳಿವೆ, ಆದರೂ ಬನ್ನಿ ಎಂಬರ್ಥದ ಅದರ ಜಾಹೀರಾತಿಗೇ ಆಳುವ ಪಕ್ಷದ ಬೆಂಬಲಿಗರು ಸಿಟ್ಟಾದರು. ಅದರ ಎರಡು ಪಾತ್ರಗಳನ್ನು ಹಿಡಿದು 2024ರಲ್ಲಿ ಇನ್ನೊಂದು ಚಿತ್ರ ಬಂತು. ಅದು ಪ್ರೇಮಕಥೆ, ಹೊಂಡ ಹಿಂದೆಯೇ ಉಳಿಯಿತು.

ಕರಾವಳಿಯಲ್ಲಿ ಈಗ ಈ ಪ್ರಕಾರ ಗಟ್ಟಿಯಾಗಿರುವುದು ತುಳುವಿನಲ್ಲಿ, ಅದೂ ಸಿನಿಮಾದಲ್ಲಲ್ಲ. ದೇವದಾಸ ಕಾಪಿಕಾಡ್, ವಿಜಯಕುಮಾರ್ ಕೊಡಿಯಾಲಬೈಲ್ ಅವರ ನಾಟಕಗಳಿಂದ ಪಳಗಿದ ಪ್ರೇಕ್ಷಕರಿಗೆ ದಾಯ್ಜಿವರ್ಲ್ಡ್ ವಾಹಿನಿ ‘ಪ್ರೈವೇಟ್ ಚಾಲೆಂಜ್’ ಕೊಟ್ಟಿತು. ವಾಲ್ಟರ್ ನಂದಳಿಕೆ ನಿರೂಪಕನ ಗಾಂಭೀರ್ಯದಲ್ಲಿ ಪ್ರಶ್ನೆ ಕೇಳುತ್ತಾರೆ. ಅರವಿಂದ ಬೋಳಾರ್ ಕಂತಿಗೊಂದು ವೇಷದಲ್ಲಿ ಬಂದು ಉತ್ತರಿಸುತ್ತಾರೆ. ಭಾಗವತರ ಜಾಗಕ್ಕೆ ಕೋಟು ಹಾಕಿದ ಆ್ಯಂಕರ್ ಬಂದದ್ದಷ್ಟೇ ವ್ಯತ್ಯಾಸ. ಖರ್ಚು ಕಡಿಮೆ, ಸೆಟ್ಟೆಂದರೆ ಮೇಜು ಕುರ್ಚಿ. ಹಾಗಾಗಿ ಘಟನೆಯ ಬೆನ್ನಿಗೇ ಕಂತು ಬರಲು ಸಾಧ್ಯ. ತುಣುಕುಗಳು ವಾಟ್ಸ್ಆ್ಯಪಿನಲ್ಲಿ ಹರಿದು ಕಡಬ, ಸುಳ್ಯದ ಮೂಲೆಯ ಮನೆಗೂ ಮುಟ್ಟುತ್ತವೆ. ವೂಟ್ ಬೇರೆ ವೇದಿಕೆಯಲ್ಲಿ ಕರಗಿ ಹೆಸರು ಕಳೆದುಕೊಂಡಿತು. ಮೇಜು ಕುರ್ಚಿಗೆ ಆ ಭಯವಿಲ್ಲ.

ಒಂದು ಬೇಲಿಯಂತೂ ಇದೆ. ರಸ್ತೆ, ನೀರು, ಕರೆಂಟು, ಕಚೇರಿಯ ಅಲೆದಾಟ, ಮತದ ಹೊತ್ತಿನ ನಮಸ್ಕಾರ ಇವುಗಳ ಮೇಲೆ ಕರಾವಳಿಯ ಹಾಸ್ಯ ಧಾರಾಳವಾಗಿ ಕೈಯಾಡಿಸುತ್ತದೆ. ಈ ಜಿಲ್ಲೆಯ ಚುನಾವಣೆಯನ್ನು ನಿಜವಾಗಿ ನಡೆಸುವ ಧರ್ಮದ ಮಾತು ಬಂದರೆ ಬೋಳಾರರ ನಾಲಗೆಯೂ ಮೆತ್ತಗಾಗುತ್ತದೆ. ಬೆಂಗಳೂರಿನ ನೊಗ್‌ರಾಜನೂ ಹಣ ಮತ್ತು ಕುರ್ಚಿಯ ಆಚೆ ಹೆಚ್ಚು ದೂರ ಹೋಗಲಿಲ್ಲ. ಒಂದು ಮಠವನ್ನೇ ಕಥೆಯ ನಡುವೆ ಇಟ್ಟು ನಗುವ ಧೈರ್ಯವನ್ನು 2006ರಲ್ಲಿ ಗುರುಪ್ರಸಾದ್ ತೋರಿದ್ದರು. ಅದರ ಎರಡನೇ ಭಾಗಕ್ಕೆ ಇಲ್ಲಿ ಇನ್ನೂ ಯಾರೂ ಕೈಹಾಕಿಲ್ಲ.